ಹಳೆಯ ಜೀಪು: ಬಣ್ಣ ನೋಡಬೇಡಿ, ಅಡಿ ನೋಡಿರಿ

ಕಳಸ, ಸಂಸೆ, ಕುದುರೆಮುಖದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ತೋಟದ ದಾರಿಗೆ ಜೀಪೇ ಗತಿ. ಕಾಫಿ ಮೂಟೆ ಹೊರುವ ಗಾಡಿಯೇ ನಡುರಾತ್ರಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ಆದ್ದರಿಂದ ಹಳೆಯ ಜೀಪು ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗದಿರಿ.

ಜೀಪುಗಳೆಲ್ಲ ನಾಲ್ಕೂ ಚಕ್ರದಿಂದ ಎಳೆಯುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಹಿಂದಿನ ಎರಡಕ್ಕೆ ಮಾತ್ರ ಎಳೆತ. ಮುಂದಿನ ಆಕ್ಸಲಿನಲ್ಲೂ ಹಿಂದಿನದರಂತೆ ಗುಂಡನೆಯ ಗೇರು ಪೆಟ್ಟಿಗೆ ಇದೆಯೇ ನೋಡಿರಿ. ಕೆಸರಿನ ಏರಿನಲ್ಲಿ ಓಡಿಸಿ ಪರೀಕ್ಷಿಸಿರಿ.

ಅನಂತರ ಕೆಳಗೆ ತೂರಿ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿರಿ. ತುಕ್ಕು ತಿಂದಲ್ಲಿ ಸದ್ದು ಮಂಕಾಗುತ್ತದೆ, ಕಬ್ಬಿಣ ಪದರ ಪದರವಾಗಿ ಉದುರುತ್ತದೆ. ಅಂಥ ಗಾಡಿ ಅಗ್ಗವಾದರೂ ಬೇಡ. ಚಾಸಿ ನಂಬರು ಆರ್.ಸಿ.ಯೊಡನೆ ತಾಳೆಯಾಗಬೇಕು. ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣವಾಗಿದೆಯೇ ವಿಚಾರಿಸಿರಿ. ಆಮೇಲೆ 5 ವರ್ಷಕ್ಕೊಮ್ಮೆ ಅದನ್ನು ಮಾಡಿಸಬೇಕು.

ಕೊಂಡ ಮೇಲೆ ಜೋಪಾನ ಮುಖ್ಯ. ಹಳ್ಳ ದಾಟಿದ ಬಳಿಕ ನಿಧಾನವಾಗಿ ಓಡಿಸುತ್ತ ಬ್ರೇಕನ್ನು ಎರಡು ಮೂರು ಬಾರಿ ಒತ್ತಿ ಒಣಗಿಸಿರಿ. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ಕೂಡಲೇ ಬದಲಿಸಿರಿ. ಒಣ ಡಾಂಬರಿನ ಮೇಲೆ ಮುಂದಿನ ಚಕ್ರದ ಗೇರು ಹಾಕಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳುವುದರಿಂದ ಗೇರುಗಳು ಬಿಗಿದು ಸವೆಯುತ್ತವೆ. ಘಾಟಿ ಇಳಿಯುವಾಗ ಸಣ್ಣ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನೇ ನಂಬಿದರೆ ಅದು ಕಾದು ಕೈಕೊಟ್ಟೀತು.

ಮಳೆಗಾಲ ಕಳೆದೊಡನೆ ಅಡಿಯ ಕೆಸರು ತೊಳೆದು ಗ್ರೀಸು ಹಾಕಿಸಿರಿ. ಕೆಸರು ಕೂತಲ್ಲೇ ತುಕ್ಕು ಹುಟ್ಟುವುದು.