ಪರದೇಶಕ್ಕೆ ಹೊರಟವರಿಗೆ, ಮನೆಯಲ್ಲಿ ಉಳಿದವರಿಗೆ



ಕಳೆದ ಎರಡು ಜುಮಾಗಳಲ್ಲಿ ನಾವು ಹಲಾಲ್ ಸಂಪಾದನೆಯ ಬಗ್ಗೆ ಮಾತನಾಡಿದೆವು. ನಮಾಝ್ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೌದಿ, ದುಬೈ, ಕುವೈತ್‌ಗೆ ಹೋದವರದು, ಇಲ್ಲವೇ ಹೋಗಲು ತಯಾರಾದವರದು. ಮಿಂಬರ್ ಮೇಲೆ ಸಮಯ ಸಾಲದ ಮಾತುಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ನಮ್ಮ ಜಿಲ್ಲೆಗೆ ಊರು ಬಿಡುವುದು ಹೊಸದಲ್ಲ. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಮಾನ್ವಿಯಲ್ಲಿ ಕಾಲುವೆಗೆ ನೀರು ಬಂದ ವರ್ಷ ಒಂದು ಲೆಕ್ಕ, ಬಾರದ ವರ್ಷ ಇನ್ನೊಂದು. ಆದರೆ ಗುಳೆಗೂ ಗಲ್ಫಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಮೇಸ್ತ್ರಿ ಮೋಸ ಮಾಡಿದರೆ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಊರಿಗೆ ಬರಬಹುದು. ರಿಯಾದಿನಿಂದ ಹಾಗೆ ಬರಲಾಗುವುದಿಲ್ಲ. ಅಲ್ಲಿ ಮನುಷ್ಯನ ಕೈ ಹಿಡಿಯುವುದು ಕಾಗದ.

ಪ್ರವಾದಿ(ಸ)ರ ಸಂಗಾತಿಗಳು ಮೊದಲ ಹಿಜ್ರತ್ ಮಾಡಿದ್ದು ಮದೀನಕ್ಕಲ್ಲ, ಸಮುದ್ರದಾಚೆಯ ಹಬಶಕ್ಕೆ. ಅದನ್ನೇ ಆರಿಸಲು ಕಾರಣ ಅಲ್ಲಿನ ದೊರೆ ನಜ್ಜಾಶಿಯ ನ್ಯಾಯ. ಹೋಗುವ ಜಾಗದಲ್ಲಿ ನಮ್ಮ ಹಕ್ಕಿಗೆ ರಕ್ಷಣೆ ಇದೆಯೇ ಎಂದು ವಿಚಾರಿಸುವುದು ಅಲ್ಲಾಹನ ಮೇಲಿನ ತವಕ್ಕುಲಿಗೆ ವಿರುದ್ಧವಲ್ಲ. ಹಾಗೆ ವಿಚಾರಿಸುವುದು ಆ ಮೊದಲ ವಲಸಿಗರ ದಾರಿಯೇ ಆಗಿದೆ.

ಹೊರಡುವ ಮುನ್ನ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ 'ಇ.ಸಿ.ಆರ್.' ಎಂದು ಮುದ್ರೆ ಇರುತ್ತದೆ. ಇಂಥವರು ಸೌದಿ, ಯು.ಎ.ಇ., ಕುವೈತ್, ಕತಾರ್, ಒಮಾನ್, ಬಹರೈನ್, ಮಲೇಶಿಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಪಡೆಯಬೇಕು. ಅದನ್ನು 'ಇ-ಮೈಗ್ರೇಟ್' ವ್ಯವಸ್ಥೆಯ ಮೂಲಕ ಪಡೆಯುತ್ತಾರೆ. ನಮ್ಮ ಹುಡುಗರು ಇದನ್ನು ಅಡ್ಡಿ ಎಂದು ತಿಳಿದಿದ್ದಾರೆ. ಆ ಅನುಮತಿಗಾಗಿ ಕೆಲಸದ ಕರಾರು ಸರ್ಕಾರದ ಕಡತ ಸೇರುತ್ತದೆ. ನಾಳೆ ತಕರಾರು ಬಂದರೆ ಸಂಬಳ ಎಷ್ಟೆಂದು ತೋರಿಸಲು ಅದೇ ಸಾಕ್ಷಿ.

ಇದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ. ವಿಮೆ ಜಾಯಿಝೇ ಎಂದು ಕೇಳುವವರಿದ್ದಾರೆ. ಕಾನೂನು ಕಡ್ಡಾಯ ಮಾಡಿದ ವಿಮೆಯನ್ನು ಮಾಡಿಸಿದವನ ಮೇಲೆ ಗುನಾಹ್ ಇಲ್ಲ ಎಂಬುದು ಉಲಮಾಗಳ ಮಾತು. ಬಂದ ಹಣವನ್ನು ಬಳಸುವ ಬಗ್ಗೆ ತಮ್ಮ ಮುಫ್ತಿಯವರನ್ನು ಕೇಳಲಿ.

ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಅದಕ್ಕೂ ರಸೀದಿ ಕೊಡಬೇಕು. ಆದರೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಒಂದೂವರೆ ಲಕ್ಷ ಕೇಳುವವನ ಬಳಿ ರಸೀದಿಯೂ ಇಲ್ಲ, ನೋಂದಣಿಯೂ ಇಲ್ಲ. ಆ ಒಂದೂವರೆ ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದರೆ ತಿಂಗಳಿಗೆ 4,500 ರೂಪಾಯಿ, ಎರಡು ವರ್ಷಕ್ಕೆ 1,08,000. ಹಲಾಲ್ ದುಡಿಮೆಗೆ ಹೊರಟವನು ಮೊದಲ ಹೆಜ್ಜೆಯನ್ನೇ ಬಡ್ಡಿಯಲ್ಲಿ ಇಡುತ್ತಾನೆ, ಅಮ್ಮಿಯ ಬಂಗಾರ ಅಡವಿಗೆ ಹೋಗುತ್ತದೆ. ಸೌದಿಯ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚು, ಇಕಾಮ ಮಾಡಿಸುವ ಮತ್ತು ನವೀಕರಿಸುವ ಶುಲ್ಕ, ಕರಾರು ಮುಗಿದ ಮೇಲೆ ಊರಿಗೆ ಮರಳುವ ಟಿಕೆಟ್ ಮಾಲೀಕನ ಮೇಲೆಯೇ ಇವೆ.

'ಆಝಾದ್ ವೀಸಾ' ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಅಂಥ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಒಬ್ಬನ ಹೆಸರಿನ ವೀಸಾದಲ್ಲಿ ಹೋಗಿ ಇನ್ನೊಬ್ಬನ ಬಳಿ ದುಡಿದರೆ, ಮೊದಲನೆಯವನು ಯಾವಾಗ ಬೇಕಾದರೂ 'ಓಡಿಹೋಗಿದ್ದಾನೆ' ಎಂದು ಹುರೂಬ್ ದಾಖಲಿಸಬಹುದು. ಆಮೇಲೆ ಸಂಬಳ ಕೇಳುವ ದಾರಿಯೂ ಕಷ್ಟ, ಊರಿಗೆ ಬರುವ ದಾರಿಯೂ ಕಷ್ಟ. ಇನ್ನು ಉಮ್ರಾ ವೀಸಾದಲ್ಲಿ ಹೋಗಿ ಕೆಲಸಕ್ಕೆ ಉಳಿದುಕೊಳ್ಳುವುದು. ಇಹ್ರಾಮನ್ನು ಮರೆ ಮಾಡಿಕೊಂಡು ಸುಳ್ಳು ಹೇಳಿದಂತಾಗುತ್ತದೆ ಅದು. ಇದಕ್ಕೆ ನಾವು ಯಾವ ರಿಯಾಯಿತಿಯನ್ನೂ ಕೊಡಲಾರೆವು.

ವೀಸಾದ ಮೇಲೆ ಬರೆದಿರುವ ಕೆಲಸ ಯಾವುದು ಎಂದು ಅರಬಿ ಬಲ್ಲವರಿಂದ ಓದಿಸಿಕೊಳ್ಳಿ. ಪ್ರತಿ ಊರಿನ ಮದರಸದಲ್ಲಿ ಓದುವವರು ಸಿಗುತ್ತಾರೆ, ಇದಕ್ಕೆ ದುಡ್ಡು ಯಾರೂ ಕೇಳುವುದಿಲ್ಲ. ಕಲಬುರಗಿ ಜಿಲ್ಲೆಯ ಯುವಕರನ್ನು ಸೆಕ್ಯುರಿಟಿ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಒಯ್ದು ಯುದ್ಧದ ಜಾಗಕ್ಕೆ ತಳ್ಳಿದ್ದನ್ನು 2024ರಲ್ಲಿ ಎಲ್ಲರೂ ಕೇಳಿದ್ದೇವೆ. ಅಲ್ಲಾಹನ ಕೃಪೆಯಿಂದ ಅವರು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮನೆ ಸೇರಿದರು. ಹೈದರಾಬಾದಿನ ಒಬ್ಬ ಯುವಕ ಮರಳಿ ಬಂದದ್ದು ಶವವಾಗಿ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಆನ್‌ಲೈನ್ ವಂಚನೆ ಮಾಡಿಸುವ ಜಾಲದ ಬಗ್ಗೆಯೂ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು.

ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಕಳಿಸುವವರು ತಿಳಿದಿರಲಿ: ಇ.ಸಿ.ಆರ್. ಪಾಸ್‌ಪೋರ್ಟ್ ಇರುವವರಿಗೆ ಕನಿಷ್ಠ 30 ವರ್ಷ ವಯಸ್ಸಾಗಿರಬೇಕು, ಖಾಸಗಿ ಏಜೆಂಟ್ ಮೂಲಕ ಕಳಿಸುವಂತಿಲ್ಲ.

ಸಾಮಾನು ಕಟ್ಟುವಾಗ ಒಂದು ಮಾತು. ಗಸಗಸೆ ನಮ್ಮ ಅಡುಗೆಮನೆಯ ಸಾಮಾನ್ಯ ವಸ್ತು. ಗಲ್ಫಿನಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಮಸಾಲೆ ಪುಡಿಯೊಳಗೂ ಹಾಕಿ ಕಳಿಸಬೇಡಿ. ನೋವಿನ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ಒಯ್ಯಬೇಡಿ. 'ಭಾಯ್, ಇದೊಂದು ಡಬ್ಬಿ ನಮ್ಮ ಅಳಿಯನಿಗೆ ಮುಟ್ಟಿಸಿ' ಎಂದು ಯಾರು ಕೊಟ್ಟರೂ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಮುಂಬೈಯ ಗಂಡ ಹೆಂಡತಿ ಇಬ್ಬರು ಸಂಬಂಧಿಕರು ಕೊಟ್ಟ ಪೊಟ್ಟಣ ಒಯ್ದು 2019ರಲ್ಲಿ ಕತಾರಿನಲ್ಲಿ ಹತ್ತು ವರ್ಷದ ಶಿಕ್ಷೆಗೆ ಗುರಿಯಾದರು. ನಿರಪರಾಧಿಗಳೆಂದು ಬಿಡುಗಡೆಯಾಗಿ ಬಂದದ್ದು 2021ರಲ್ಲಿ.

ಕಳಿಸಿದ ಹಣ ಯಾರದು?

ನಮ್ಮ ಬಳಿಗೆ ಬರುವ ಜಗಳಗಳಲ್ಲಿ ಅತ್ಯಂತ ಕಹಿಯಾದವು ಇವೇ. ಆದ್ದರಿಂದ ಸ್ವಲ್ಪ ಹೆಚ್ಚು ಬರೆಯುತ್ತೇವೆ.

ಮಗ ಹತ್ತು ಹನ್ನೆರಡು ವರ್ಷ ಸೌದಿಯಲ್ಲಿ ದುಡಿದ. ಪ್ರತಿ ತಿಂಗಳು ಅಬ್ಬಾನ ಖಾತೆಗೆ ಹಣ ಹಾಕಿದ. ಅಬ್ಬಾ ಅದರಲ್ಲಿ ಮನೆ ನಡೆಸಿದರು, ಮಗಳ ನಿಕಾಹ್ ಮಾಡಿದರು, ಉಳಿದದ್ದರಲ್ಲಿ ಎರಡು ಎಕರೆ ಕೊಂಡು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅಬ್ಬಾ ತೀರಿಕೊಂಡ ಮೇಲೆ ತಮ್ಮಂದಿರು 'ಇದು ಅಬ್ಬಾನ ಆಸ್ತಿ, ಪಾಲು ಆಗಲಿ' ಎನ್ನುತ್ತಾರೆ. ಮಗ 'ಇದು ನನ್ನ ಬೆವರು' ಎನ್ನುತ್ತಾನೆ. ಅಕ್ಕತಂಗಿಯರನ್ನು ಕೇಳುವವರೇ ಇಲ್ಲ.

ಶರೀಅತ್ತಿನಲ್ಲಿ ಇದಕ್ಕೆ ಉತ್ತರ ಹಣ ಕಳಿಸುವಾಗ ಆದ ಮಾತಿನ ಮೇಲೆ ನಿಂತಿದೆ. ಮನೆ ಖರ್ಚಿಗೆಂದು ಕಳಿಸಿದ್ದು ಕೊಟ್ಟಂತೆಯೇ ಆಯಿತು, ಅದನ್ನು ಮರಳಿ ಕೇಳುವಂತಿಲ್ಲ. 'ಅಬ್ಬಾ, ನನಗಾಗಿ ಹೊಲ ತೆಗೆದುಕೊಳ್ಳಿ' ಎಂದು ಹೇಳಿ ಕಳಿಸಿದ್ದರೆ ತಂದೆ ಅವನ ವಕೀಲರು, ಅಂದರೆ ಅವನ ಪರವಾಗಿ ಕೊಂಡವರು. ಹೊಲ ಮಗನದೇ, ಕಾಗದದಲ್ಲಿ ಯಾರ ಹೆಸರಿದ್ದರೂ. ಸಾಲವಾಗಿ ಕೊಟ್ಟಿದ್ದರೆ ತಂದೆಯ ಆಸ್ತಿಯಿಂದ ಮೊದಲು ಆ ಸಾಲ ತೀರಬೇಕು, ಆಮೇಲೆ ಪಾಲು. ಏನನ್ನೂ ಹೇಳದೆ ಕಳಿಸಿ, ಹೊಲವನ್ನು ತಂದೆಯ ಹೆಸರಿಗೆ ಬಿಟ್ಟಿದ್ದರೆ? ಆಗ ತೀರ್ಪು ಹೇಳುವವನ ಕಷ್ಟ ಅಲ್ಲಾಹನಿಗೇ ಗೊತ್ತು. ಸಾಕ್ಷಿ ಇಲ್ಲದಿದ್ದರೆ ಅದು ತಂದೆಯ ಆಸ್ತಿಯಾಗಿಯೇ ಪಾಲಾಗುವ ಸಂಭವವೇ ಹೆಚ್ಚು. ನಮ್ಮ ದೇಶದ ನ್ಯಾಯಾಲಯವೂ ಮೊದಲು ನೋಡುವುದು ನೋಂದಣಿ ಪತ್ರವನ್ನು.

ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಅಲ್ ಬಕರ ಸೂರಾದ 282ನೆಯದು. ಅದು ಇರುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳನ್ನು ಇಡುವ ಬಗ್ಗೆ. ತಂದೆಗೆ ಲೆಕ್ಕ ಕೇಳುವುದು ಬೇಅದಬಿ ಎಂದು ನಮ್ಮವರು ನಾಚುತ್ತಾರೆ. ಕೇಳಬೇಕಿಲ್ಲ. ವಾಟ್ಸಾಪಿನಲ್ಲಿ 'ಇದು ಮನೆ ಖರ್ಚಿಗೆ, ಇದು ನನ್ನ ಹೊಲಕ್ಕೆ' ಎಂದು ತಿಂಗಳಿಗೊಮ್ಮೆ ಎರಡು ಸಾಲು ಬರೆದರೆ ಸಾಕು. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಒಂದು ಕಾಗದ, ಇಬ್ಬರು ಸಾಕ್ಷಿಗಳ ಸಹಿ. ತಂದೆಯ ಮಯ್ಯತ್ ಎತ್ತಿದ ನಲವತ್ತನೇ ದಿನಕ್ಕೇ ಅಣ್ಣತಮ್ಮಂದಿರು ಪೊಲೀಸ್ ಠಾಣೆ ಹತ್ತುವುದಕ್ಕಿಂತ ಇದರಲ್ಲಿ ಎಷ್ಟೋ ಅದಬ್ ಇದೆ.

ಹೆಂಡತಿ ಮಕ್ಕಳ ನಫಖಾ ಗಂಡನ ಮೇಲೆ ಫರ್ಝ್. ಅವರ ಖರ್ಚನ್ನು ಅತ್ತೆಯ ಕೈಯಿಂದ ಬೇಡಿ ಪಡೆಯುವ ಸ್ಥಿತಿಯಲ್ಲಿ ಇಡಬಾರದು. ಹೆಂಡತಿಯ ಖಾತೆಗೆ ಬೇರೆಯಾಗಿ ಹಾಕಿ. ಗಂಡ ದೂರ ಇದ್ದಾನೆ ಎಂಬುದು ಅವಳ ಹಕ್ಕನ್ನು ಕಡಿಮೆ ಮಾಡುವುದಿಲ್ಲ. ಹಜರತ್ ಉಮರ್(ರ) ಸೈನಿಕರ ಹೆಂಡತಿಯರ ಕಷ್ಟವನ್ನು ತಿಳಿದು, ಸೈನಿಕರು ಇಷ್ಟು ತಿಂಗಳಿಗಿಂತ ಹೆಚ್ಚು ಮನೆಯಿಂದ ದೂರ ಇರಬಾರದೆಂದು ಅವಧಿ ಗೊತ್ತು ಮಾಡಿದ ವರದಿ ಪ್ರಸಿದ್ಧವಾಗಿದೆ. ಎರಡು ವರ್ಷಕ್ಕೆ ಹೋಗುವವನು ಹೆಂಡತಿಯ ಒಪ್ಪಿಗೆಯನ್ನು ಕೇಳಿ ಹೋಗಲಿ. ಫೋನಿನಲ್ಲಿ, ಸಂದೇಶದಲ್ಲಿ ಒಂದೇ ಉಸಿರಿಗೆ ಮೂರು ತಲಾಖ್ ಹೇಳುವುದು 2019ರ ಕಾಯ್ದೆಯಂತೆ ಅಸಿಂಧು, ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಶರೀಅತ್ತಿನಲ್ಲೂ ಅದು ಗುನಾಹ್.

ಹುಂಡಿಯಲ್ಲಿ ಹಣ ಕಳಿಸಬೇಡಿ. ನಾಲ್ಕು ಕಾಸು ಹೆಚ್ಚು ಸಿಗುತ್ತದೆ ನಿಜ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಅಪರಿಚಿತರ ಖಾತೆಯಿಂದ ಬಂದ ಹಣ ಸೈಬರ್ ವಂಚನೆಯದಾಗಿದ್ದರೆ ಇಲ್ಲಿ ನಿಮ್ಮ ಮನೆಯವರ ಖಾತೆ ಬಂದ್ ಆಗುತ್ತದೆ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಿಕೊಳ್ಳಬೇಕು. ಅಲ್ಲಿನ ಸಂಪಾದನೆ ಇಡಲು ಎನ್.ಆರ್.ಇ. ಖಾತೆ ಇದೆ. ಬಂದ ಬಡ್ಡಿಯನ್ನು ಸವಾಬಿನ ನಿಯ್ಯತ್ ಇಲ್ಲದೆ ಬಡವರಿಗೆ ಕೊಟ್ಟುಬಿಡಿ.

ನಮಾಝ್, ಉಪವಾಸ, ಕುರ್ಬಾನಿ

ಹನಫಿ ಮಝ್‌ಹಬಿನಂತೆ ಒಂದು ಊರಿನಲ್ಲಿ 15 ದಿನ ಅಥವಾ ಹೆಚ್ಚು ಇರುವ ನಿಯ್ಯತ್ ಮಾಡಿದವನು ಮುಸಾಫಿರ್ ಅಲ್ಲ. ಆದ್ದರಿಂದ ಕೆಲಸಕ್ಕೆ ಹೋದವರು ಅಲ್ಲಿ ಪೂರ್ಣ ನಮಾಝ್ ಮಾಡಬೇಕು. ರಜೆಯಲ್ಲಿ ಹತ್ತೇ ದಿನಕ್ಕೆ ಮಾನ್ವಿಗೆ ಬಂದರೂ ತನ್ನ ಹುಟ್ಟೂರು, ಮನೆ ಇಲ್ಲೇ ಇರುವುದರಿಂದ ಪೂರ್ಣ ನಮಾಝೇ. ದಾರಿಯಲ್ಲಿ ಹೈದರಾಬಾದಿನಲ್ಲಿ ಎರಡು ದಿನ ನಿಂತರೆ ಅಲ್ಲಿ ಕಸರ್.

ರಂಝಾನಿನ ನಡುವೆ ಪ್ರಯಾಣ ಮಾಡುವವರ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಸೌದಿಯಲ್ಲಿ ಸಾಮಾನ್ಯವಾಗಿ ನಮಗಿಂತ ಒಂದು ದಿನ ಮೊದಲು ಚಂದ್ರ ಕಾಣುತ್ತದೆ. ಅಲ್ಲಿ ಉಪವಾಸ ಆರಂಭಿಸಿ ಇಲ್ಲಿಗೆ ಬಂದವನು ಈದನ್ನು ಇಲ್ಲಿನವರ ಜೊತೆಗೇ ಮಾಡಬೇಕು, 31 ಉಪವಾಸವಾದರೂ ಸರಿ. ಇಲ್ಲಿಂದ ಅಲ್ಲಿಗೆ ಹೋದವನಿಗೆ 28ಕ್ಕೇ ಈದ್ ಬಂದರೆ ಅಲ್ಲಿನವರ ಜೊತೆ ಈದ್ ಮಾಡಿ, ಆಮೇಲೆ ಒಂದು ಉಪವಾಸವನ್ನು ಕಝಾ ಮಾಡಲಿ. ಫಿತ್ರಾವನ್ನು ತಾನಿರುವ ಊರಿನ ದರದಲ್ಲಿ ಲೆಕ್ಕ ಹಾಕಬೇಕು. ರಿಯಾದಿನಲ್ಲಿ ಇದ್ದು ರಾಯಚೂರಿನ ಗೋಧಿ ದರ ಹಿಡಿಯುವುದು ಸರಿಯಲ್ಲ. ಹಣವನ್ನು ಇಲ್ಲಿನ ಬಡವರಿಗೆ ಕೊಡಬಹುದು. ಕುರ್ಬಾನಿಯನ್ನು ಇಲ್ಲಿ ಮಾಡಿಸುವವರು ನಮ್ಮ ಈದಿನ ಮೊದಲ ಎರಡು ದಿನಗಳಲ್ಲೇ ಮಾಡಿಸಲಿ. ನಮ್ಮ ಮೂರನೇ ದಿನಕ್ಕೆ ಅಲ್ಲಿ ಕುರ್ಬಾನಿಯ ದಿನಗಳು ಮುಗಿದಿರುತ್ತವೆ.

ಮರಣದ ಸುದ್ದಿ ಬಂದಾಗ

2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಹಲವು ಭಾರತೀಯರು ಸತ್ತರು. ಅವರಲ್ಲಿ ಒಬ್ಬರು ಕಲಬುರಗಿ ಜಿಲ್ಲೆಯವರು. ಇಂಥ ಸುದ್ದಿ ಯಾರ ಮನೆಗೂ ಬರಬಹುದು. ಪಾಸ್‌ಪೋರ್ಟ್, ಇಕಾಮ, ಕರಾರು, ವಿಮೆ ಕಾಗದಗಳ ಪ್ರತಿ ಮನೆಯಲ್ಲಿ ಇರಲಿ, ಮಾಲೀಕನ ಮತ್ತು ಒಬ್ಬ ಸಹೋದ್ಯೋಗಿಯ ನಂಬರ್ ಹೆಂಡತಿಯ ಬಳಿ ಇರಲಿ.

ಅಲ್ಲೇ ದಫನ್ ಮಾಡಬೇಕೋ, ಊರಿಗೆ ತರಬೇಕೋ ಎಂಬುದಕ್ಕೆ ವಾರಸುದಾರರು ಒಪ್ಪಿಗೆ ಪತ್ರ ಕಳಿಸಬೇಕಾಗುತ್ತದೆ. ಭಾರತದ ರಾಯಭಾರ ಕಚೇರಿ ಅದರ ಮೇಲೆ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಮುಸ್ಲಿಮ್ ದೇಶದಲ್ಲಿ ತೀರಿಕೊಂಡವರನ್ನು ಅಲ್ಲೇ ಬೇಗ ದಫನ್ ಮಾಡುವುದೇ ಉತ್ತಮ ಎಂದು ನಾವು ಹೇಳುತ್ತೇವೆ. ಹದಿನೈದು ಇಪ್ಪತ್ತು ದಿನ ಮಯ್ಯತ್ತನ್ನು ಶೀತಪೆಟ್ಟಿಗೆಯಲ್ಲಿ ಇಡುವುದು ಅದಕ್ಕೆ ಗೌರವವಲ್ಲ. ಆದರೆ ಮುಖ ನೋಡಬೇಕೆನ್ನುವ ತಾಯಿಯನ್ನು ಯಾರೂ ಗದರಬೇಡಿ. ತರುವ ಖರ್ಚಿಗೆ ದಾರಿ ಇಲ್ಲದಿದ್ದರೆ ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಬಾಕಿ ಸಂಬಳ, ಸೇವಾಂತ್ಯದ ಹಣದ ಬಗ್ಗೆ ಅಲ್ಲೇ ಅರ್ಜಿ ಹಾಕಿ. ಸೌದಿಯಲ್ಲಿ ಸೇವಾಂತ್ಯದ ಹಣ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ವರ್ಷಗಳಿಗೆ ಪೂರ್ಣ ತಿಂಗಳದ್ದು. ದೂರನ್ನು 'ಮದದ್' ವ್ಯವಸ್ಥೆಯಲ್ಲಿ ಊರಿನಿಂದಲೇ ದಾಖಲಿಸಬಹುದು, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 11 3090.

ಬಂದ ಹಣ ನಾಮಿನಿ ಎಂದು ಬರೆದವರ ಒಬ್ಬರ ಸ್ವತ್ತಲ್ಲ. ಬಾಕಿ ಸಂಬಳದಂಥ ಹಣದಿಂದ ಮೊದಲು ಸಾಲ ಮತ್ತು ಹೆಂಡತಿಯ ಬಾಕಿ ಮಹ್ರ್ ತೀರಬೇಕು, ಆಮೇಲೆ ಎಲ್ಲ ವಾರಸುದಾರರಿಗೆ ಪಾಲು.

ಇನ್ನೊಂದು ವಿಷಯದಲ್ಲಿ ನಮ್ಮ ಮನೆಗಳಲ್ಲಿ ಗೊಂದಲವಿದೆ. ವಿಧವೆಯ ಇದ್ದತ್ ಆರಂಭವಾಗುವುದು ಸುದ್ದಿ ಬಂದ ದಿನದಿಂದಲ್ಲ, ಮಯ್ಯತ್ ಊರಿಗೆ ಬಂದ ದಿನದಿಂದಲೂ ಅಲ್ಲ, ಗಂಡ ತೀರಿಕೊಂಡ ದಿನದಿಂದ. ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ, ಇಲ್ಲದಿದ್ದರೆ ನಾಲ್ಕು ತಿಂಗಳು ಹತ್ತು ದಿನ. ಸುದ್ದಿ ಒಂದು ತಿಂಗಳು ತಡವಾಗಿ ಮುಟ್ಟಿದರೆ ಆ ಒಂದು ತಿಂಗಳೂ ಎಣಿಕೆಗೆ ಸೇರುತ್ತದೆ. ಆ ಅವಧಿಯಲ್ಲಿ ಬ್ಯಾಂಕಿಗೆ, ಕಚೇರಿಗೆ ಸಹಿ ಹಾಕಲು ಅವಳೇ ಬರಬೇಕೆಂದರೆ, ಮಾಡಿಕೊಡುವ ಬೇರೆಯವರಿಲ್ಲದಿದ್ದರೆ, ಹಗಲಿನಲ್ಲಿ ಹೋಗಿ ರಾತ್ರಿಯೊಳಗೆ ಮನೆ ಸೇರಲು ಅವಳಿಗೆ ಅನುಮತಿ ಇದೆ. ಅವಳನ್ನು ತಡೆಯುವವರು ಈ ಮಾತನ್ನು ತಮ್ಮ ಮಸೀದಿಯ ಇಮಾಮರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಲಿ.