ಕಡಲ ಬದಿಯ ಊಟ: ಮೈ ತುರಿಸಿದರೆ ಎಲ್ಲವೂ ಅಲರ್ಜಿಯೇ?

ರಾತ್ರಿ ಒಂಬತ್ತರ ಹೊತ್ತು. ಮಲ್ಪೆ ದಾರಿಯಲ್ಲಿರುವ ನನ್ನ ಕ್ಲಿನಿಕ್ಕಿನ ಬಾಗಿಲು ಹಾಕಬೇಕೆನ್ನುವಾಗ ಆಟೋದಿಂದ ಒಬ್ಬ ಯುವಕ ಹೆಂಡತಿಯನ್ನು ಹಿಡಿದುಕೊಂಡು ಇಳಿದ. ಆಕೆ ರೇಷ್ಮೆ ಸೀರೆ ಉಟ್ಟಿದ್ದರು, ಮುಡಿಯಲ್ಲಿ ಮಲ್ಲಿಗೆ ಇತ್ತು. ಆದರೆ ತುಟಿ ಊದಿತ್ತು, ಕುತ್ತಿಗೆ ತುಂಬ ಕೆಂಪು ದದ್ದುಗಳೆದ್ದಿದ್ದವು, ಸ್ವರ ಗೊಗ್ಗರಾಗಿತ್ತು. "ಮೆಣಸು ಜಾಸ್ತಿಯಾಯ್ತು ಅಂತ ಕಾಣುತ್ತೆ ಡಾಕ್ಟ್ರೇ, ಒಂದು ಮಾತ್ರೆ ಕೊಡಿ" ಎಂದ ಯುವಕ. ರಕ್ತದೊತ್ತಡ ನೋಡಿದರೆ ಮೇಲಿನ ಅಂಕಿಯೇ 80ಕ್ಕೆ ಇಳಿದಿತ್ತು!

ಮಾತ್ರೆಗೆ ಕಾಯುವ ಹೊತ್ತಲ್ಲ ಅದು. ಆಕೆಯನ್ನು ಮಲಗಿಸಿ, ಕಾಲನ್ನು ಎತ್ತರಿಸಿ, ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟೆ. ಹತ್ತು ನಿಮಿಷದಲ್ಲಿ ಉಸಿರಾಟ ಸರಾಗವಾಯಿತು. ಆದರೂ ಇಂಥ ತೊಂದರೆ ಒಮ್ಮೆ ಇಳಿದು ಕೆಲವು ಗಂಟೆಗಳ ಬಳಿಕ ಮತ್ತೆ ಮರುಕಳಿಸುವುದುಂಟು. ಹಾಗಾಗಿ ಆ ರಾತ್ರಿ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ.

ಮರುದಿನ ಹೋಗಿ ಮಾತಾಡಿಸಿದಾಗ ವಿಷಯ ಬಿಚ್ಚಿಕೊಂಡಿತು. ಅವರದು ಮೊದಲ ವಿವಾಹ ವಾರ್ಷಿಕೋತ್ಸವ. ಬೆಂಗಳೂರಿನಿಂದ ಬಂದು, ಕಡಲಿಗೆ ಮುಖಮಾಡಿದ ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದರು. ಗಂಡ ಸಿಗಡಿ ಘೀ ರೋಸ್ಟ್ ತರಿಸಿ, ಮೊದಲ ತುಂಡನ್ನು ತನ್ನ ಕೈಯಿಂದಲೇ ಹೆಂಡತಿಯ ಬಾಯಿಗಿಟ್ಟಿದ್ದ. ಆಕೆಗೆ ಚಿಕ್ಕಂದಿನಲ್ಲಿ ಸಿಗಡಿ ತಿಂದರೆ ತುಟಿ ತುರಿಸುತ್ತಿತ್ತಂತೆ. ಆಮೇಲೆ ಮನೆಯಲ್ಲಿ ಕೊಡುವುದನ್ನೇ ಬಿಟ್ಟಿದ್ದರು. "ಇವರು ಅಷ್ಟು ಪ್ರೀತಿಯಿಂದ ಕೊಟ್ಟಾಗ ಬೇಡ ಅನ್ನೋದು ಹೇಗೆ ಡಾಕ್ಟ್ರೇ?" ಎಂದರು ಆಕೆ. ಗಂಡ ತಲೆ ತಗ್ಗಿಸಿ, "ಜಾತಕ ಮೂರು ಕಡೆ ತೋರಿಸಿದ್ರು ಸಾರ್, ಇದನ್ನ ಮಾತ್ರ ಯಾರೂ ಕೇಳಲಿಲ್ಲ" ಎಂದ.

ಚಿಕ್ಕಂದಿನಲ್ಲಿ ಬರೇ ತುರಿಕೆ ಬಂದಿತ್ತು, ಈಗಲೂ ಅಷ್ಟೇ ಬಂದೀತು ಎಂದು ನೀವು ಲೆಕ್ಕ ಹಾಕಬೇಡಿ. ಹಿಂದಿನ ಸಲ ಸೌಮ್ಯವಾಗಿದ್ದದ್ದು ಮುಂದಿನ ಸಲ ಉಗ್ರವಾಗಬಹುದು. ತಿಂದೊಡನೆ ಬಿರುಸಾಗಿ ನಡೆಯುವುದು, ಮದ್ಯ, ಕೆಲವು ನೋವಿನ ಮಾತ್ರೆಗಳು, ಇವೂ ಅದನ್ನು ಕೆರಳಿಸಬಲ್ಲವು. ಈ ದಂಪತಿ ಊಟ ಮುಗಿಸಿ ಮರಳ ಮೇಲೆ ಅರ್ಧ ಗಂಟೆ ನಡೆದಿದ್ದರು.

ಆಕೆ ಕೇಳಿದ ಇನ್ನೊಂದು ಪ್ರಶ್ನೆ: "ಹಾಗಾದರೆ ಮೀನೂ ಬಿಡಬೇಕಾ?" ಬಿಡಬೇಕೆಂದೇನೂ ಇಲ್ಲ. ಸಿಗಡಿಯಲ್ಲಿ ಅಲರ್ಜಿ ಉಂಟುಮಾಡುವ ಮುಖ್ಯ ಪ್ರೋಟೀನು ಟ್ರೋಪೋಮಯೋಸಿನ್. ಬೇಯಿಸಿದರೂ ಹುರಿದರೂ ಅದು ನಾಶವಾಗದು. ಏಡಿ, ಲಾಬ್‌ಸ್ಟರ್‌ಗಳಲ್ಲಿಯೂ ಇಂಥದೇ ಪ್ರೋಟೀನು ಇರುವುದರಿಂದ ಅವುಗಳಿಂದ ದೂರವಿರಬೇಕು. ಕೆಲವರಿಗೆ ಮರುವಾಯಿಯೂ ಆಗದು. ಮೀನಿನ ಅಲರ್ಜಿಗೆ ಮುಖ್ಯ ಕಾರಣವಾಗುವ ಪ್ರೋಟೀನು ಬೇರೆಯೇ. ಹಾಗಾಗಿ ಸಿಗಡಿ ಆಗದವರಲ್ಲಿ ಬಹಳ ಮಂದಿ ಅಂಜಲ್, ಕಾಣೆ ತಿಂದು ಸುಖವಾಗಿರುತ್ತಾರೆ. ಆದರೆ ಅಲರ್ಜಿ ತಜ್ಞರಲ್ಲಿ ಪರೀಕ್ಷೆ ಮಾಡಿಸಿಯೇ ಇದನ್ನು ತೀರ್ಮಾನಿಸಬೇಕು. ಹೋಟೆಲಿನಲ್ಲಾದರೆ ಒಂದೇ ಕಾವಲಿ, ಒಂದೇ ಎಣ್ಣೆಯಲ್ಲಿ ಸಿಗಡಿಯನ್ನೂ ಮೀನನ್ನೂ ಹುರಿಯುತ್ತಾರೆಯೇ ಎಂದು ಕೇಳಿಕೊಳ್ಳಲು ನಾಚಬೇಡಿ.

ಇದಕ್ಕೆ ತದ್ವಿರುದ್ಧವಾದ ಜೋಡಿಯೊಂದನ್ನೂ ನಾನು ಕಂಡಿದ್ದೇನೆ. ಅದು ಜುಲೈ ತಿಂಗಳು. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಾರುಕಟ್ಟೆಗೆ ಬಹಳಷ್ಟು ಮೀನು ದೂರದಿಂದ ಮಂಜುಗಡ್ಡೆಯಲ್ಲಿ ಬರುತ್ತದೆ. ಬಂಗುಡೆ ಪುಳಿಮುಂಚಿ ಉಂಡ ಅರ್ಧ ಗಂಟೆಯಲ್ಲಿ ಗಂಡ ಹೆಂಡತಿ ಇಬ್ಬರ ಮುಖವೂ ಕೆಂಪಡರಿ, ತಲೆ ಸಿಡಿದು, ಎದೆ ಡವಗುಟ್ಟತೊಡಗಿತ್ತು. ನಲವತ್ತು ವರ್ಷ ಬಂಗುಡೆ ತಿಂದ ಇಬ್ಬರಿಗೂ ಒಂದೇ ರಾತ್ರಿ ಅಲರ್ಜಿ ಶುರುವಾಗುವುದುಂಟೇ?

ಅದು ಅಲರ್ಜಿಯಲ್ಲ. ಬಂಗುಡೆ, ಬೂತಾಯಿ, ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಹೇರಳ. ಹಿಡಿದ ಮೀನು ಬಿಸಿಲಲ್ಲಿ ಅಥವಾ ಮಂಜುಗಡ್ಡೆ ಸಾಲದೆ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಲ್ಲಿ ನಮ್ಮ ದೇಹವೇ ಬಿಡುಗಡೆ ಮಾಡುವ ವಸ್ತು ಇದೇ. ಇಲ್ಲಿ ಅದನ್ನು ಮೀನಿನೊಂದಿಗೆ ನಾವೇ ನುಂಗುತ್ತೇವೆ. ಒಮ್ಮೆ ಉಂಟಾದ ಮೇಲೆ ಎಷ್ಟು ಕುದಿಸಿದರೂ ಹೋಗದು, ಫ್ರಿಜ್ಜಿಗಿಟ್ಟರೂ ಹೋಗದು. ಮೀನಿನ ವಾಸನೆಯಲ್ಲಿ ಏರುಪೇರು ಕಾಣದಿರಲೂಬಹುದು. ಕೆಲವರಿಗೆ ನಾಲಿಗೆ ಚುರುಗುಟ್ಟಿದಂತಾಗುತ್ತದೆ, ಆದರೆ ನಮ್ಮ ಕರಾವಳಿಯ ಮಸಾಲೆಯಲ್ಲಿ ಅದನ್ನು ಗುರುತಿಸುವವರು ಯಾರು! ಅಲರ್ಜಿನಿರೋಧಕ ಮಾತ್ರೆಯಿಂದ ಇಬ್ಬರೂ ಬೆಳಗಾಗುವಷ್ಟರಲ್ಲಿ ಸರಿಹೋದರು. ಇಂಥವರು ಜೀವಮಾನವಿಡೀ ಮೀನು ಬಿಡಬೇಕಾಗಿಲ್ಲ, ತಾಜಾ ಮೀನು ಸಿಗುವ ಕಡೆ ತಿಂದರಾಯಿತು.

ಆದ್ದರಿಂದ ವೈದ್ಯರಲ್ಲಿ ಹೋದಾಗ "ಊಟ ವ್ಯತ್ಯಾಸವಾಯಿತು" ಎಂದಷ್ಟೇ ಹೇಳಬೇಡಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಶುರುವಾಯಿತು, ಜೊತೆಗೆ ಉಂಡವರಿಗೂ ಆಯಿತೇ, ಹಿಂದೆ ಆದದ್ದುಂಟೇ, ಇಷ್ಟನ್ನೂ ಹೇಳಿ. ಬರೇ ಪಿತ್ತದ ಗಂಧೆ ಎದ್ದರೆ ನಮ್ಮ ಮನೆಗಳಲ್ಲಿ ಪುನರ್ಪುಳಿ ಪಾನಕ ಕುಡಿಸುತ್ತಾರೆ, ಕುಡಿಯಿರಿ, ನನ್ನ ತಕರಾರಿಲ್ಲ. ಆದರೆ ಸ್ವರ ಬದಲಾಗಿ, ಉಸಿರು ಕಟ್ಟಿ, ನಾಲಿಗೆ ಊದಿ, ತಲೆ ಸುತ್ತಿದರೆ ಕಾರಣ ಯಾವುದೇ ಇರಲಿ, ಪಾನಕ, ಲಿಂಬೆ ಶರಬತ್ತು, ಮಾತ್ರೆಗಳಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಧಾವಿಸಿ. ತಲೆ ಸುತ್ತುವವರನ್ನು ಮಲಗಿಸಿಯೇ ಇರಬೇಕು, ಎಬ್ಬಿಸಿ ನಡೆಸಬಾರದು. ಉಸಿರಾಟಕ್ಕೆ ಕಷ್ಟವಾದರೆ ಒರಗಿಸಿ ಕೂರಿಸಿ.

ಆ ಯುವತಿ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಸಿಗಡಿ, ಏಡಿ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಇಬ್ಬರೂ ಕ್ಲಿನಿಕ್ಕಿಗೆ ಬಂದು ಸಿಹಿ ಕೊಟ್ಟು ಹೋದರು. ಅದೇ ಹೋಟೆಲಿಗೆ ಹೋಗಿದ್ದರಂತೆ. ಗಂಡ ಅಡುಗೆಮನೆ ತನಕ ಹೋಗಿ, ತೊಳೆದ ಬೇರೆ ಕಾವಲಿಯಲ್ಲಿ ಕಾಣೆ ಹುರಿಸಿಕೊಂಡು ಬಂದನಂತೆ.