ಚಾಫ್ ಕಟರ್‌ಗೆ ಬೆರಳ ತುದಿ ಸಿಕ್ಕರೆ: ಯಾವ ಗಾಯಕ್ಕೆ ಯಾವ ಚಿಕಿತ್ಸೆ?

ಚಾಫ್ ಕಟರ್‌ಗೆ ಮೇವು ತಳ್ಳುವಾಗ, ರಾಗಿ ಕೊಯ್ಯುವಾಗ, ಟ್ರ್ಯಾಕ್ಟರ್‌ಗೆ ಟ್ರೈಲರ್ ಸಿಗಿಸುವಾಗ ಮೊದಲು ಪೆಟ್ಟು ತಿನ್ನೋದು ಬೆರಳ ತುದಿ. ಯಾವ ಚಿಕಿತ್ಸೆ ಅನ್ನೋದನ್ನ ಡಾಕ್ಟರ್ ತೀರ್ಮಾನಿಸ್ತಾರೆ. ಆದರೆ ಆಯ್ಕೆಗಳು ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

1. ಮೂಳೆ ಕಾಣದ ಸಣ್ಣ ಗಾಯ: ಸುಮಾರು 1 ಸೆಂ.ಮೀ. ಒಳಗಿದ್ದರೆ ತೊಳೆದು ಡ್ರೆಸ್ಸಿಂಗ್ ಮಾಡಿದರೆ ಸಾಕಾಗಬಹುದು. 3ರಿಂದ 6 ವಾರದಲ್ಲಿ ಚರ್ಮ ತುಂಬಿಕೊಳ್ಳುತ್ತೆ, ಸ್ಪರ್ಶವೂ ಚೆನ್ನಾಗಿ ಉಳಿಯುತ್ತೆ. ಅಲ್ಲಿವರೆಗೆ ಸಗಣಿ, ಮಣ್ಣು ಮುಟ್ಟುವಂತಿಲ್ಲ.

2. ಉಗುರು ಜಜ್ಜಿದ್ದರೆ: ಎಕ್ಸ್‌ರೇ ಬೇಕು. ಉಗುರಿನ ಕೆಳಗಿನ ಪದರ ಹರಿದಿದ್ದರೆ ಹೊಲಿಸಬೇಕಾಗುತ್ತೆ, ಇಲ್ಲದಿದ್ದರೆ ಉಗುರು ಸೊಟ್ಟಗೆ ಬೆಳೆಯಬಹುದು.

3. ಮೂಳೆ ಕಾಣುತ್ತಿದ್ದರೆ: ಮೂಳೆ ಸ್ವಲ್ಪ ಕತ್ತರಿಸಿ ಹೊಲಿದರೆ ಬೇಗ ಕೆಲಸಕ್ಕೆ ಮರಳಬಹುದು, ಆದರೆ ಬೆರಳು ಗಿಡ್ಡ ಆಗುತ್ತೆ. ಪಕ್ಕದ ಚರ್ಮ, ಮಾಂಸ ಸರಿಸಿ ಮುಚ್ಚುವ 'ಫ್ಲ್ಯಾಪ್' ಮಾಡಿದರೆ ಉದ್ದ ಉಳಿಯುತ್ತೆ, ವಾಸಿಯಾಗಲು ಹೆಚ್ಚು ದಿನ ಬೇಕು. ಕೆಲವು ಫ್ಲ್ಯಾಪ್‌ಗೆ ಎರಡು ಸಲ ಆಪರೇಷನ್ ಆಗುತ್ತೆ. ಹೆಬ್ಬೆರಳಾದರೆ ಉದ್ದ ಉಳಿಸೋದು ತುಂಬಾ ಮುಖ್ಯ.

4. ತುಂಡಾದ ಭಾಗ ಜೋಡಿಸುವುದು: ಇದಕ್ಕೆ ಮೈಕ್ರೋಸರ್ಜರಿ ಇರುವ ದೊಡ್ಡ ಆಸ್ಪತ್ರೆ ಬೇಕು. ಜಜ್ಜಿಹೋದ ತುದಿಗಿಂತ ನೇರವಾಗಿ ಕತ್ತರಿಸಿದ ತುದಿ ಜೋಡಿಸೋದು ಸುಲಭ.

ಕೌದಳ್ಳಿಯಿಂದ ಹನೂರು, ಕೊಳ್ಳೇಗಾಲ ದಾಟಿ ಮೈಸೂರು ಸೇರೋದು ದೂರದ ದಾರಿ. ಅದಕ್ಕೇ ಮೊದಲ ಅರ್ಧ ಗಂಟೆಯಲ್ಲಿ ನೀವು ಮಾಡೋ ಕೆಲಸ ದೊಡ್ಡದು:

- ಸ್ವಿಚ್ ಆಫ್ ಮಾಡಿ. ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿ.
- ಉಂಗುರ ಇದ್ದರೆ ಊತ ಬರುವ ಮುಂಚೆ ತೆಗೆಯಿರಿ.
- ತುಂಡಾದ ಭಾಗವನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟಿ. ಆ ಕವರನ್ನು ಐಸ್ ಹಾಕಿದ ನೀರಿನಲ್ಲಿಡಿ. ಐಸ್ ನೇರವಾಗಿ ತಾಗಬಾರದು.
- 108ಕ್ಕೆ ಫೋನ್ ಮಾಡಿ. ಗಾಯದ ಫೋಟೋ ತೆಗೆದಿಟ್ಟುಕೊಂಡರೆ ದೊಡ್ಡ ಆಸ್ಪತ್ರೆಗೆ ಮೊದಲೇ ಕಳಿಸಿ ಕೇಳಬಹುದು.

ಸಾವಯವ ಕೃಷಿ ಮಾಡೋರಿಗೆ ಒಂದು ಮಾತು. ಕಾಫಿಪುಡಿ, ಅರಿಶಿನ, ಬೂದಿ ಯಾವುದನ್ನೂ ಗಾಯಕ್ಕೆ ಮೆತ್ತಬೇಡಿ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಇರೋದೇ ಮಣ್ಣು, ಸಗಣಿಯಲ್ಲಿ. ಗಾಯ ಚಿಕ್ಕದಾದ್ರೂ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಡಾಕ್ಟರ್ ಮುಂದೆ ಕೂತಾಗ ಹಾಲು ಕರೆಯೋ ಕೈ ಯಾವುದು, ಎಷ್ಟು ದಿನ ಕೆಲಸ ಬಿಡೋಕಾಗುತ್ತೆ ಅಂತ ಮುಚ್ಚುಮರೆಯಿಲ್ಲದೆ ಹೇಳಿ. ಒಂದೇ ಗಾಯಕ್ಕೆ ಇಬ್ಬರಿಗೆ ಬೇರೆ ಬೇರೆ ಚಿಕಿತ್ಸೆ ಸರಿಹೋಗಬಹುದು.